ಮೊದಲು ಅರ್ಜಿ, ಆಮೇಲೆ ಪ್ರದರ್ಶನ: ನಾವೇ ಕಂಡುಹಿಡಿದ ಸಾಧನಕ್ಕೆ ಪೇಟೆಂಟ್ ಪಡೆಯುವ ಬಗೆ

ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಈ ತಿಂಗಳ ಪಾಠ

ಪಾಠದ ಉದ್ದೇಶ: ಪೇಟೆಂಟ್ ಎಂದರೇನು, ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ, ಮೊದಲ ಬಾರಿ ಅರ್ಜಿ ಹಾಕುವವರು ಏನು ಮಾಡಬೇಕು, ಎಷ್ಟು ಖರ್ಚು ಬರುತ್ತದೆ ಎಂಬುದನ್ನು ತಿಳಿದುಕೊಳ್ಳುವುದು.



ಉಳಿತಾಯ, ಸಾಲ, ಲೆಕ್ಕದ ಪುಸ್ತಕ, ಬ್ಯಾಂಕ್ ಜೋಡಣೆ ಇವುಗಳ ಬಗ್ಗೆ ನಾವು ಎಷ್ಟೋ ಪಾಠ ಮಾಡಿದ್ದೇವೆ. ಈ ಸಲದ ಪಾಠ ಸ್ವಲ್ಪ ಬೇರೆ. ಇದನ್ನು ಬರೆಯಲು ಒಂದು ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇವೆ, ಯಾಕೆಂದರೆ ಅದರಲ್ಲಿ ನಮ್ಮ ತಪ್ಪೂ ಇದೆ.

ನಡೆದ ಸಂಗತಿ

ನಮ್ಮ ಒಂದು ಸಂಘದ ಸದಸ್ಯೆ ಹಲಸಿನ ಹಪ್ಪಳ, ಚಿಪ್ಸ್ ಮಾಡಿ ಮಾರುತ್ತಾರೆ. ಹಲಸಿನ ಕೆಲಸ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕೈಗೆಲ್ಲ ಎಣ್ಣೆ ಹಚ್ಚಿಕೊಂಡು ಕೂತರೂ ಮೇಣ ಬಿಡುವುದಿಲ್ಲ. ಒಂದೊಂದೇ ಸೊಳೆ ಸೀಳಿ ಬೀಜ ತೆಗೆಯುವಷ್ಟರಲ್ಲಿ ಬೆನ್ನು ಬಿದ್ದುಹೋಗುತ್ತದೆ. ಇವರು ಮನೆಯ ಮೂಲೆಯಲ್ಲಿದ್ದ ಹಳೆ ಹೊಲಿಗೆ ಮಷಿನ್ನಿನ ಪೆಡಲಿಗೆ ಒಂದು ಸ್ಟೀಲ್ ಕೊಳವೆ ಕೂರಿಸಿದರು. ಪೆಡಲ್ ಒತ್ತಿದರೆ ಕೊಳವೆ ಇಳಿದು ಬೀಜವನ್ನು ಕೆಳಕ್ಕೆ ತಳ್ಳುತ್ತದೆ, ಸೊಳೆ ಮೇಲೆ ಉಳಿಯುತ್ತದೆ. ಆದರೆ ನಾಲ್ಕು ಸೊಳೆ ಆಗುವಷ್ಟರಲ್ಲಿ ಕೊಳವೆಯ ಬಾಯಿಗೆ ಮೇಣ ಕಟ್ಟಿ ಕೆಲಸ ನಿಂತುಹೋಗುತ್ತಿತ್ತು. ಒಂದು ಸಂಜೆ ದೀಪ ಹಚ್ಚುವಾಗ ಅವರಿಗೆ ಹೊಳೆಯಿತು. ಕೊಬ್ಬರಿ ಎಣ್ಣೆಯಲ್ಲಿ ನೆನೆಸಿದ ದಪ್ಪ ಬತ್ತಿಯನ್ನು ಕೊಳವೆಯ ದಾರಿಯಲ್ಲಿ ಇಟ್ಟರು. ಕೊಳವೆ ಮೇಲೆ ಹೋಗುವಾಗ ಪ್ರತಿ ಸಲ ಬತ್ತಿಗೆ ಬಾಯಿ ಒರೆಸಿಕೊಂಡೇ ಹೋಗುತ್ತದೆ. ಮೇಣ ಕಟ್ಟುವುದು ನಿಂತಿತು. ಇಡೀ ಮಧ್ಯಾಹ್ನ ಹಿಡಿಯುತ್ತಿದ್ದ ಕೆಲಸ ಒಂದು ಗಂಟೆಯಲ್ಲಿ ಮುಗಿಯತೊಡಗಿತು.

ನಮಗೆಲ್ಲ ಬಹಳ ಸಂತೋಷವಾಯಿತು. "ಇದನ್ನು ಎಲ್ಲರಿಗೂ ತೋರಿಸಬೇಕು" ಅಂತ ಒತ್ತಾಯ ಮಾಡಿದವರು ನಾವೇ. ಮಹಿಳಾ ದಿನಾಚರಣೆಯ ವಸ್ತು ಪ್ರದರ್ಶನದಲ್ಲಿ ಮಳಿಗೆ ಹಾಕಿಸಿದೆವು. ಅವರು ಮೂರು ದಿನ ಬಂದವರಿಗೆಲ್ಲ ನಡೆಸಿ ತೋರಿಸಿದರು. ಕೆಲವರು ಫೋಟೊ, ವಿಡಿಯೊ ತೆಗೆದುಕೊಂಡು ಹೋದರು. ನಾವೂ ನಮ್ಮ ಕರಪತ್ರದಲ್ಲಿ ಚಿತ್ರ ಹಾಕಿ ಹಂಚಿದೆವು. ಮುಂದಿನ ಹಲಸಿನ ಕಾಲಕ್ಕೆ ಪಟ್ಟಣದ ಒಂದು ವರ್ಕ್‌ಶಾಪ್ ಅದೇ ಸಾಧನವನ್ನು, ಎಣ್ಣೆ ಬತ್ತಿಯ ಸಮೇತ, ಮಾರುತ್ತಿತ್ತು.

ಅವರನ್ನು ಕರೆದುಕೊಂಡು ಒಬ್ಬ ಪೇಟೆಂಟ್ ಏಜೆಂಟರ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ: "ಇದನ್ನು ಹೊರಗೆ ಎಲ್ಲಾದರೂ ತೋರಿಸಿದ್ದೀರಾ?" ನಾವು ತಲೆ ತಗ್ಗಿಸಿದೆವು. ತೋರಿಸಿದ್ದಷ್ಟೇ ಅಲ್ಲ, ಅಚ್ಚು ಹಾಕಿಸಿ ಹಂಚಿದ್ದೆವು. ಬಸ್ಸಿನಲ್ಲಿ ವಾಪಸ್ ಬರುವಾಗ ಅವರು, "ಹೋಗ್ಲಿ ಬಿಡಿ ಮೇಡಂ, ನನ್ನದು ಅಂತ ನನಗೆ ಗೊತ್ತಲ್ಲ" ಅಂದರು. ಆ ಮಾತು ನಮ್ಮ ಮನಸ್ಸಿನಲ್ಲಿ ಇಂದಿಗೂ ಚುಚ್ಚುತ್ತದೆ. ಇನ್ನೊಬ್ಬ ಸಹೋದರಿಗೆ ಹೀಗಾಗಬಾರದು ಅಂತ ಈ ಪಾಠ.

ಪೇಟೆಂಟ್ ಎಂದರೇನು?

ಹೊಸದಾಗಿ ಕಂಡುಹಿಡಿದವರಿಗೆ ಸರ್ಕಾರ ಕೊಡುವ ಹಕ್ಕೇ ಪೇಟೆಂಟ್. ನಮ್ಮ ದೇಶದಲ್ಲಿ ಇದನ್ನು 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಕೊಡುತ್ತಾರೆ. ಅರ್ಜಿ ಹಾಕಿದ ದಿನದಿಂದ 20 ವರ್ಷ, ನಮ್ಮ ಒಪ್ಪಿಗೆ ಇಲ್ಲದೆ ಬೇರೆಯವರು ಅದನ್ನು ತಯಾರಿಸುವಂತಿಲ್ಲ, ಬಳಸುವಂತಿಲ್ಲ, ಮಾರುವಂತಿಲ್ಲ. ಇದಕ್ಕೆ ಬದಲಾಗಿ ನಾವು ಆ ಸಾಧನದ ಗುಟ್ಟನ್ನು ಪೂರ್ತಿಯಾಗಿ ಬರೆದು ಸರ್ಕಾರಕ್ಕೆ ಕೊಡಬೇಕು. ಸರ್ಕಾರ ಅದನ್ನು ಪ್ರಕಟಿಸುತ್ತದೆ. 20 ವರ್ಷ ಕಳೆದ ಮೇಲೆ ಅದು ಎಲ್ಲರ ಸ್ವತ್ತು.

ಭಾರತದ ಪೇಟೆಂಟ್ ಭಾರತದಲ್ಲಿ ಮಾತ್ರ ನಡೆಯುತ್ತದೆ. ಬೇರೆ ದೇಶದಲ್ಲಿ ಹಕ್ಕು ಬೇಕಾದರೆ ಅಲ್ಲಿಯೂ ಅರ್ಜಿ ಹಾಕಬೇಕು.

ಬರೀ ಐಡಿಯಾಗೆ ಪೇಟೆಂಟ್ ಇಲ್ಲ

"ನನಗೊಂದು ಐಡಿಯಾ ಇದೆ, ಪೇಟೆಂಟ್ ಸಿಗುತ್ತಾ?" ಅಂತ ಅನೇಕರು ಕೇಳುತ್ತಾರೆ. ಬರೀ ಐಡಿಯಾಗೆ ಸಿಗುವುದಿಲ್ಲ. "ಹಲಸಿನ ಸೊಳೆ ಬಿಡಿಸುವ ಮಷಿನ್ ಮಾಡಬೇಕು" ಎನ್ನುವುದು ಐಡಿಯಾ. "ಕೊಳವೆ ಮೇಲೆ ಹೋಗುವಾಗ ಎಣ್ಣೆ ಬತ್ತಿ ಅದರ ಬಾಯನ್ನು ಪ್ರತಿ ಸಲ ಒರೆಸುವಂತೆ ಹೀಗೆ ಜೋಡಿಸಬೇಕು" ಎನ್ನುವುದು ಆವಿಷ್ಕಾರ. ಹೇಗೆ ಮಾಡುವುದು ಎಂಬುದನ್ನು ಇನ್ನೊಬ್ಬರು ಓದಿ ಮಾಡುವಷ್ಟು ಸ್ಪಷ್ಟವಾಗಿ ಬರೆಯಲು ಬರಬೇಕು.

ಆಮೇಲೆ ಅದು ಮೂರು ಜರಡಿ ದಾಟಬೇಕು.

ಮೊದಲನೆಯದು, ಹೊಸತನ. ಪ್ರಪಂಚದಲ್ಲಿ ಎಲ್ಲಿಯೂ ಮೊದಲೇ ಪ್ರಕಟವಾಗಿರಬಾರದು, ಬಳಕೆಯಲ್ಲಿ ಇರಬಾರದು. ನಮ್ಮ ಊರಿನಲ್ಲಿ ಇಲ್ಲ ಅಂದರೆ ಸಾಲದು.

ಎರಡನೆಯದು, ಬುದ್ಧಿಯ ಹೆಜ್ಜೆ. ಆ ಕೆಲಸ ಬಲ್ಲವರು ಯಾರಾದರೂ "ಇದು ಗೊತ್ತಿದ್ದದ್ದೇ ಬಿಡಿ" ಅನ್ನುವಂತಿರಬಾರದು. ಪೆಡಲ್ ಹಳೆಯದು, ಕೊಳವೆ ಹಳೆಯದು. ಎರಡನ್ನೂ ಬರೀ ಸೇರಿಸಿದ್ದಕ್ಕೆ ಹಕ್ಕು ಸಿಗುವುದು ಕಷ್ಟ. ಮೇಣದ ತೊಂದರೆಗೆ ಬತ್ತಿಯಿಂದ ಪರಿಹಾರ ಕಂಡದ್ದು ಬುದ್ಧಿಯ ಹೆಜ್ಜೆ ಅಂತ ವಾದಿಸಬಹುದಿತ್ತು.

ಮೂರನೆಯದು, ಉಪಯೋಗ. ಕೈಗಾರಿಕೆಯಲ್ಲಿ ತಯಾರಿಸಲು ಅಥವಾ ಬಳಸಲು ಬರಬೇಕು.

ಯಾವುದಕ್ಕೆ ಸಿಗುವುದಿಲ್ಲ?

ಕಾಯ್ದೆಯ 3ನೇ ಕಲಂನಲ್ಲಿ ದೊಡ್ಡ ಪಟ್ಟಿಯೇ ಇದೆ. ನಮಗೆ ಬೇಕಾದವು ಇಷ್ಟು: ವ್ಯವಸಾಯ, ತೋಟಗಾರಿಕೆಯ ವಿಧಾನಗಳು, ರೋಗಕ್ಕೆ ಚಿಕಿತ್ಸೆ ಮಾಡುವ ವಿಧಾನ, ಗಿಡ, ಪ್ರಾಣಿ, ವ್ಯಾಪಾರ ಮಾಡುವ ವಿಧಾನ, ಗೊತ್ತಿರುವ ವಸ್ತುಗಳ ಬರೀ ಮಿಶ್ರಣ, ಪಾರಂಪರಿಕ ಜ್ಞಾನ. ಆದ್ದರಿಂದ ಅಜ್ಜಿಯ ಕಷಾಯಕ್ಕೆ, ಅತ್ತೆಯ ಉಪ್ಪಿನಕಾಯಿಗೆ ಪೇಟೆಂಟ್ ಸಿಗುತ್ತದೆ ಅಂತ ಕಾಯಬೇಡಿ. ಆದರೆ ಉಪ್ಪಿನಕಾಯಿಗೆ ಮಾವು ಹೆಚ್ಚುವ ಹೊಸ ಸಾಧನಕ್ಕೆ ಸಿಗಬಹುದು.

ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲದಿರುವುದು ನಮ್ಮ ಒಳ್ಳೆಯದಕ್ಕೇ. 1995ರಲ್ಲಿ ಅಮೆರಿಕದಲ್ಲಿ, ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಪೇಟೆಂಟ್ ಕೊಟ್ಟುಬಿಟ್ಟಿದ್ದರು! ನಮ್ಮ ದೇಶದ ವಿಜ್ಞಾನ ಸಂಸ್ಥೆ ಸಿ.ಎಸ್.ಐ.ಆರ್. ಹಳೆಯ ಗ್ರಂಥಗಳ ಆಧಾರ ತೋರಿಸಿ, ಇದು ನಮ್ಮ ಮನೆಮನೆಯ ತಿಳಿವಳಿಕೆ ಎಂದು ವಾದಿಸಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು.

ಸಂಘದ ಹಪ್ಪಳ, ಮಸಾಲೆ ಪುಡಿಗೆ ಬೇಕಾದದ್ದು ಹೆಚ್ಚಾಗಿ ಟ್ರೇಡ್‌ಮಾರ್ಕ್, ಅಂದರೆ ಹೆಸರು ಮತ್ತು ಗುರುತಿನ ನೋಂದಣಿ. ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಸಂಡೂರಿನ ಲಂಬಾಣಿ ಕಸೂತಿ ಇಂಥವಕ್ಕೆ ಇರುವುದು ಭೌಗೋಳಿಕ ಸೂಚಕ, ಅಂದರೆ ಜಿ.ಐ. ಟ್ಯಾಗ್. ಅದು ಒಬ್ಬರದಲ್ಲ, ಆ ಸೀಮೆಯ ಕುಶಲಕರ್ಮಿಗಳೆಲ್ಲರದು. ಯಾವ ಬೀಗಕ್ಕೆ ಯಾವ ಕೀಲಿ ಅಂತ ತಿಳಿದುಕೊಂಡರೆ ಅರ್ಧ ದುಡ್ಡು ಉಳಿಯಿತು.

ಹೆಜ್ಜೆ ಹೆಜ್ಜೆಯಾಗಿ ಮಾಡಬೇಕಾದದ್ದು

1. ಬಾಯಿ ಬಿಗಿಹಿಡಿಯಿರಿ. ಅರ್ಜಿ ಹಾಕುವ ಮೊದಲು ಪ್ರದರ್ಶನ ಬೇಡ, ಪತ್ರಿಕೆ ಬೇಡ, ವಾಟ್ಸಾಪ್ ಬೇಡ, ಮಾರಾಟವೂ ಬೇಡ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನಗಳಲ್ಲಿ ತೋರಿಸಿದರೆ 12 ತಿಂಗಳ ರಿಯಾಯಿತಿ ಇದೆ. ಆದರೆ ಊರಿನ ಮೇಳಕ್ಕೆ ಅದು ಅನ್ವಯಿಸುತ್ತದೆ ಅಂತ ನಂಬಿ ಕೂರಬೇಡಿ. ವೆಲ್ಡಿಂಗ್ ಮಾಡುವವರಿಗೆ ತೋರಿಸಲೇಬೇಕಲ್ಲ? ತೋರಿಸಿ. ಆದರೆ "ಇದು ಗುಟ್ಟಿನ ವಿಷಯ, ಇನ್ನೊಬ್ಬರಿಗೆ ಹೇಳುವುದಿಲ್ಲ, ಮಾಡಿಕೊಡುವುದಿಲ್ಲ" ಎಂದು ಒಂದು ಹಾಳೆಯಲ್ಲಿ ಬರೆಸಿ, ತಾರೀಕು ಹಾಕಿ ಸಹಿ ತೆಗೆದುಕೊಳ್ಳಿ.

2. ಬರೆದಿಡಿ. ಒಂದು ನೋಟ್‌ಬುಕ್‌ನಲ್ಲಿ ಚಿತ್ರ, ಅಳತೆ, ಏನು ಮಾಡಿದಾಗ ಏನಾಯಿತು, ಯಾವುದು ಕೆಟ್ಟಿತು ಎಂದು ತಾರೀಕು ಸಮೇತ ಬರೆಯಿರಿ. ಆದರೆ ಒಂದು ಮಾತು. ಬರೆದು ನೋಟರಿ ಮಾಡಿಸಿದರೆ, ಅಥವಾ ನಮ್ಮ ವಿಳಾಸಕ್ಕೇ ರಿಜಿಸ್ಟರ್ ಪೋಸ್ಟ್ ಮಾಡಿಕೊಂಡರೆ ಹಕ್ಕು ಬಂತು ಅಂತ ಕೆಲವರು ಹೇಳುತ್ತಾರೆ. ಅದು ಸುಳ್ಳು. ಪೇಟೆಂಟ್ ಕಚೇರಿಗೆ ಅರ್ಜಿ ಹೋದ ದಿನವೇ ಲೆಕ್ಕ.

3. ಹುಡುಕಿ ನೋಡಿ. ಇಂಥದ್ದು ಮೊದಲೇ ಇದೆಯಾ ಎಂದು ಪೇಟೆಂಟ್ ಕಚೇರಿಯ ವೆಬ್‌ಸೈಟ್‌ನಲ್ಲಿ, ಗೂಗಲ್ ಪೇಟೆಂಟ್ಸ್‌ನಲ್ಲಿ ಪುಕ್ಕಟೆಯಾಗಿ ಹುಡುಕಬಹುದು. ಇಂಗ್ಲಿಷ್ ಬೇಕಾಗುತ್ತದೆ, ಕಾಲೇಜಿಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಅಲ್ಲಿಯೂ ವಿಚಾರಿಸಬಹುದು.

4. ತಾತ್ಕಾಲಿಕ ಅರ್ಜಿ ಹಾಕಿ. ಸಾಧನ ಇನ್ನೂ ಪೂರ್ತಿ ಪಳಗಿಲ್ಲ ಅಂದರೂ ಪ್ರಾವಿಷನಲ್ ಎಂಬ ತಾತ್ಕಾಲಿಕ ವಿವರಣೆ ಕೊಟ್ಟು ತಾರೀಕು ಹಿಡಿದುಕೊಳ್ಳಬಹುದು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ! ಆದರೆ ಟವೆಲ್ ಹಾಕಿ ಮರೆಯಬಾರದು. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಮುಖ್ಯವಾದ ವಿಷಯವನ್ನು ತಾತ್ಕಾಲಿಕ ವಿವರಣೆಯಲ್ಲೇ ಬರೆದಿರಬೇಕು. ಅಲ್ಲಿ ಬರೆಯದೆ ಬಿಟ್ಟದ್ದಕ್ಕೆ ಆ ತಾರೀಕು ಸಿಗುವುದಿಲ್ಲ.

5. ಪೂರ್ಣ ವಿವರಣೆ ಬರೆಸಿ. ಇದರಲ್ಲಿ ಚಿತ್ರ, ವಿವರ ಮತ್ತು 'ಕ್ಲೇಮ್' ಎಂದು ಕರೆಯುವ ಹಕ್ಕು ಕೋರಿಕೆ ಇರುತ್ತದೆ. ಜಮೀನಿನ ಪತ್ರದಲ್ಲಿ ಚಕ್ಕುಬಂದಿ ಇದ್ದ ಹಾಗೆ ಈ ಕ್ಲೇಮ್. ಚಕ್ಕುಬಂದಿಯೊಳಗೆ ಇರುವುದಷ್ಟೇ ನಮ್ಮದು. "ಹತ್ತಿಯ ಬತ್ತಿ" ಅಂತ ಮಾತ್ರ ಬರೆದರೆ ಇನ್ನೊಬ್ಬ ಸ್ಪಂಜು ಇಟ್ಟು ತಪ್ಪಿಸಿಕೊಳ್ಳುತ್ತಾನೆ. "ಎಣ್ಣೆ ಹೀರಿ ಕೊಳವೆಯ ಬಾಯನ್ನು ಒರೆಸುವ ಯಾವುದೇ ವಸ್ತು" ಎಂದು ಬರೆದರೆ ಬೇಲಿ ಅಗಲವಾಗುತ್ತದೆ. ತೀರ ಅಗಲ ಮಾಡಿದರೆ "ಇದು ಹಳೆಯದು" ಅಂತ ಕಚೇರಿ ತಳ್ಳಿಹಾಕಬಹುದು. ಈ ಒಂದು ಕೆಲಸಕ್ಕೆ ನೋಂದಾಯಿತ ಪೇಟೆಂಟ್ ಏಜೆಂಟರ ಸಹಾಯ ಪಡೆಯುವುದು ಒಳ್ಳೆಯದು.

6. ಪರೀಕ್ಷೆಗೆ ಕೋರಿಕೆ ಕೊಡಿ. ಅರ್ಜಿ ಹಾಕಿದರೆ ಸಾಲದು, "ಪರೀಕ್ಷಿಸಿ" ಎಂದು ಬೇರೆ ಫಾರಂ ಕೊಡಬೇಕು. ಈಗಿನ ನಿಯಮದಂತೆ ಇದಕ್ಕೆ 31 ತಿಂಗಳ ಗಡುವು. ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ. ಪರೀಕ್ಷಕರು ಆಕ್ಷೇಪಣೆ ಎತ್ತಿ ವರದಿ ಕಳಿಸುತ್ತಾರೆ. ಆಕ್ಷೇಪಣೆ ಬಂತು ಅಂತ ಹೆದರಬೇಡಿ, ಅದು ಬಂದೇ ಬರುತ್ತದೆ ಅಂದುಕೊಳ್ಳಿ. 6 ತಿಂಗಳೊಳಗೆ ಉತ್ತರ ಕೊಡಬೇಕು.

ನಮಗಾಗಿ ಒಂದು ವಿಶೇಷ ಸೌಲಭ್ಯವಿದೆ. 2019ರ ತಿದ್ದುಪಡಿಯಿಂದ, ಅರ್ಜಿದಾರರಲ್ಲಿ ಒಬ್ಬರಾದರೂ ಮಹಿಳೆ ಇದ್ದರೆ ತ್ವರಿತ ಪರೀಕ್ಷೆ ಕೇಳಬಹುದು. ಈ ಕೋರಿಕೆಯನ್ನು ಆನ್‌ಲೈನ್‌ನಲ್ಲಿ ಮಾತ್ರ ಸಲ್ಲಿಸಬೇಕು.

ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈನ ಪೇಟೆಂಟ್ ಕಚೇರಿಗೆ. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು, ಕನ್ನಡದಲ್ಲಿ ತೆಗೆದುಕೊಳ್ಳುವುದಿಲ್ಲ. ನೀವು ಕನ್ನಡದಲ್ಲಿ ಬಿಡಿಸಿ ಬರೆಯಿರಿ, ಅನುವಾದ ಮಾಡಿಸೋಣ.

ಖರ್ಚು ಎಷ್ಟು?

ವ್ಯಕ್ತಿಗಳಿಗೆ ಸರ್ಕಾರಿ ಶುಲ್ಕ ಕಡಿಮೆ ಇದೆ. ಆನ್‌ಲೈನ್ ಅರ್ಜಿಗೆ 1,600 ರೂಪಾಯಿ, ಕಾಗದದಲ್ಲಿ ಕೊಟ್ಟರೆ 1,750 ರೂಪಾಯಿ. ಇದು 30 ಪುಟ, 10 ಕ್ಲೇಮ್‌ವರೆಗೆ. ಸಾಮಾನ್ಯ ಪರೀಕ್ಷೆಗೆ ಆನ್‌ಲೈನ್‌ನಲ್ಲಿ 4,000 ರೂಪಾಯಿ. ಅಲ್ಲಿಗೆ ಒಟ್ಟು 5,600 ರೂಪಾಯಿ. ತ್ವರಿತ ಪರೀಕ್ಷೆಗಾದರೆ 8,000 ರೂಪಾಯಿ, ಅದರ ಜೊತೆ ಬೇಗ ಪ್ರಕಟಿಸಲು 2,500 ರೂಪಾಯಿ. ಪೇಟೆಂಟ್ ಸಿಕ್ಕ ಮೇಲೆ ಅದನ್ನು ಉಳಿಸಿಕೊಳ್ಳಲು 3ನೇ ವರ್ಷದಿಂದ 6ನೇ ವರ್ಷದವರೆಗೆ ವರ್ಷಕ್ಕೆ 800 ರೂಪಾಯಿ. ಇದು ಏರುತ್ತಾ ಹೋಗಿ ಕೊನೆಯ ಐದು ವರ್ಷ ವರ್ಷಕ್ಕೆ 8,000 ರೂಪಾಯಿ ಆಗುತ್ತದೆ. ಕಟ್ಟದಿದ್ದರೆ ಹಕ್ಕು ಹೋಯಿತು. ಹಣ ಕಟ್ಟುವ ಮೊದಲು ಆ ದಿನದ ದರವನ್ನು ಕಚೇರಿಯ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.

ಇದಲ್ಲದೆ ಏಜೆಂಟರ ಶುಲ್ಕ ಬೇರೆ. ಅದೇ ದೊಡ್ಡದು. ಇಬ್ಬರು ಮೂವರನ್ನು ವಿಚಾರಿಸಿ, ಬರೆಹದಲ್ಲಿ ಪಡೆಯಿರಿ. "ಪೇಟೆಂಟ್ ಗ್ಯಾರಂಟಿ ಕೊಡಿಸ್ತೀವಿ" ಅನ್ನುವವರಿಂದ ದೂರ ಇರಿ. ಹಾಗೆ ಗ್ಯಾರಂಟಿ ಕೊಡಲು ಯಾರಿಗೂ ಆಗುವುದಿಲ್ಲ.

ಆದ್ದರಿಂದ ಮೊದಲೇ ಕೂತು ಲೆಕ್ಕ ಹಾಕಿ. ಈ ಸಾಧನ ಎಷ್ಟು ಜನಕ್ಕೆ ಬೇಕು? ಮಾಡಿ ಮಾರುವವರು ಯಾರು? ವರ್ಕ್‌ಶಾಪಿಗೆ ಒಪ್ಪಂದದ ಮೇಲೆ ಕೊಟ್ಟರೆ ಒಂದು ಸಾಧನಕ್ಕೆ ನಮಗೆ ಎಷ್ಟು ಬರುತ್ತದೆ? ಲೆಕ್ಕ ಕೂಡದಿದ್ದರೆ ಪೇಟೆಂಟ್ ಬಿಟ್ಟುಬಿಡುವುದೂ ಜಾಣತನವೇ. ತಿಳಿದು ಬಿಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ.

ಹೆಸರು ಯಾರದು?

ಆವಿಷ್ಕಾರ ಮಾಡಿದವರು ಎಂಬ ಜಾಗದಲ್ಲಿ ನಿಜವಾಗಿ ಕಂಡುಹಿಡಿದವರ ಹೆಸರೇ ಇರಬೇಕು. ಗಂಡನ ಹೆಸರಲ್ಲ, ಮಗನ ಹೆಸರಲ್ಲ, ದುಡ್ಡು ಕೊಟ್ಟವರ ಹೆಸರಲ್ಲ, ನಮ್ಮ ಸಂಸ್ಥೆಯ ಹೆಸರೂ ಅಲ್ಲ. "ಓಡಾಡುವವರು ಅವರೇ ಅಲ್ವಾ, ಅವರ ಹೆಸರಲ್ಲೇ ಇರಲಿ" ಅಂತ ಬಿಟ್ಟುಕೊಡಬೇಡಿ. ಇಬ್ಬರು ಸೇರಿ ಕಂಡುಹಿಡಿದರೆ ಇಬ್ಬರ ಹೆಸರೂ ಬರಲಿ. ಹಕ್ಕನ್ನು ಸಂಘಕ್ಕೋ ಬೇರೆಯವರಿಗೋ ವಹಿಸುವುದಾದರೆ ಬರೆಹದಲ್ಲಿ ಮಾತ್ರ ವಹಿಸಿ. ಓದಿ ಅರ್ಥವಾಗದ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಹಾಕಬೇಡಿ.

ನಕಲು ಮಾಡಿದರೆ?

ಪೇಟೆಂಟ್ ನಕಲು ಪೊಲೀಸ್ ಠಾಣೆಯಲ್ಲಿ ತೀರುವ ವಿಷಯವಲ್ಲ. ಪೇಟೆಂಟ್ ಮಂಜೂರಾದ ಮೇಲೆ ಜಿಲ್ಲಾ ನ್ಯಾಯಾಲಯದಲ್ಲಿ ಅಥವಾ ಅದಕ್ಕೂ ಮೇಲಿನ ನ್ಯಾಯಾಲಯದಲ್ಲಿ ದಾವೆ ಹಾಕಬೇಕು. ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಪೇಟೆಂಟ್ ಸಿಗುವ ಮೊದಲೇ ಸಾಧನದ ಮೇಲೆ "ಪೇಟೆಂಟ್ ಪಡೆದಿದೆ" ಎಂದು ಬರೆಯುವುದು ಕಾನೂನಿಗೆ ವಿರುದ್ಧ. "ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದೆ" ಎಂದು ಬರೆಯಬಹುದು.

ಓದು ಕಡಿಮೆ ಇರುವ ನಮ್ಮಂಥವರಿಗೆ ಆಗುತ್ತದಾ?

ಆಗುತ್ತದೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ರೈತರು. ಹುಣಸೆ ಹಣ್ಣಿನಿಂದ ಬೀಜ ಬೇರ್ಪಡಿಸುವ ಯಂತ್ರ, ಬಿತ್ತನೆ ಕೂರಿಗೆ ಹೀಗೆ ಅನೇಕ ಸಾಧನಗಳನ್ನು ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರು ಬಡತನದಿಂದ ಶಾಲೆ ಬಿಟ್ಟವರು. ಹೆಂಡತಿ ಮುಟ್ಟಿನ ದಿನಗಳಲ್ಲಿ ಹಳೆ ಬಟ್ಟೆ ಬಳಸುವುದನ್ನು ನೋಡಿ, ವರ್ಷಗಟ್ಟಲೆ ಒದ್ದಾಡಿ, ಕಡಿಮೆ ಬೆಲೆಯ ನ್ಯಾಪ್‌ಕಿನ್ ತಯಾರಿಸುವ ಯಂತ್ರ ಮಾಡಿದರು. 2016ರಲ್ಲಿ ಅವರಿಗೂ ಪದ್ಮಶ್ರೀ ಬಂತು.

ಇಂಥವರ ಬೆನ್ನಿಗೆ ನಿಲ್ಲಲೆಂದೇ ಕೇಂದ್ರ ಸರ್ಕಾರದ ವಿಜ್ಞಾನ ಇಲಾಖೆಯ ನೆರವಿನಿಂದ 2000ನೇ ಇಸವಿಯಲ್ಲಿ ನ್ಯಾಷನಲ್ ಇನ್ನೊವೇಷನ್ ಫೌಂಡೇಶನ್ ಎಂಬ ಸಂಸ್ಥೆ ಶುರುವಾಯಿತು. ಅದು ಗುಜರಾತಿನ ಗಾಂಧಿನಗರದಲ್ಲಿದೆ. ತಾಂತ್ರಿಕ ಓದಿಲ್ಲದ ಸಾಮಾನ್ಯ ಜನರು ಕಂಡುಹಿಡಿದದ್ದನ್ನು ಪರಿಶೀಲಿಸಿ, ಯೋಗ್ಯವಾದವುಗಳಿಗೆ ಕಂಡುಹಿಡಿದವರ ಹೆಸರಿನಲ್ಲೇ ಪೇಟೆಂಟ್ ಅರ್ಜಿ ಹಾಕಲು ನೆರವಾಗುತ್ತದೆ. ಮೇಲಿನ ಇಬ್ಬರನ್ನೂ ಈ ಸಂಸ್ಥೆ ಗುರುತಿಸಿ ಗೌರವಿಸಿದೆ. ಅಂಚೆಯಲ್ಲೂ ಬರೆಯಬಹುದು. ಪತ್ರದಲ್ಲಿ "ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು" ಎಂದು ತಪ್ಪದೆ ಸೇರಿಸಿ.

ಇದು ಸ್ವಾರ್ಥವಲ್ಲವೇ?

ನಮ್ಮ ಸಭೆಯಲ್ಲಿ ಒಬ್ಬ ಸಹೋದರಿ ಕೇಳಿದರು: "ದೇವರು ಕೊಟ್ಟ ಬುದ್ಧಿ, ಎಲ್ಲರಿಗೂ ಹಂಚಬೇಕಲ್ವಾ? ನನ್ನದು ಅಂತ ಬೇಲಿ ಹಾಕೋದು ಸರಿಯಾ?" ಒಳ್ಳೆಯ ಪ್ರಶ್ನೆ. ಒಡೆಯ ಕೊಟ್ಟ ಹಣವನ್ನು ನೆಲದಲ್ಲಿ ಹೂತಿಟ್ಟ ಸೇವಕನ ಸಾಮತಿ ಶುಭಸಂದೇಶದಲ್ಲಿ ಇದೆ. ಪ್ರತಿಭೆಯನ್ನು ಹೂತಿಡಬಾರದು, ನಿಜ. ಆದರೆ ಹಂಚುವುದು ಬೇರೆ, ಬೇರೆಯವರು ಎತ್ತಿಕೊಂಡು ಹೋಗುವುದು ಬೇರೆ. ಮುರುಗಾನಂದಂ ಅವರ ಹತ್ತಿರ ಪೇಟೆಂಟ್ ಹಕ್ಕು ಇತ್ತು. ದೊಡ್ಡ ಕಂಪನಿಗೆ ಮಾರಿ ಹಣ ಮಾಡಬಹುದಿತ್ತು. ಅವರು ಯಂತ್ರವನ್ನು ಹಳ್ಳಿಯ ಮಹಿಳಾ ಸಂಘಗಳಿಗೆ ಕೊಡುವ ದಾರಿ ಹಿಡಿದರು. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಅಧಿಕಾರ ಅವರ ಕೈಯಲ್ಲಿತ್ತು. ನಮ್ಮ ಹಲಸಿನ ಸಹೋದರಿಗೆ ಇಲ್ಲದೆ ಹೋದದ್ದು ಅದೇ. ಅವರೂ ಸಂಘದವರಿಗೆಲ್ಲ ಪುಕ್ಕಟೆಯಾಗಿ ಕೊಡುತ್ತಿದ್ದರೇನೋ. ಈಗ ಅದೇ ಸಂಘದವರು ವರ್ಕ್‌ಶಾಪಿಗೆ ದುಡ್ಡು ಕೊಟ್ಟು ಕೊಂಡು ತರುತ್ತಿದ್ದಾರೆ.

ಕೊನೆಯದಾಗಿ ಒಂದು ಸಿಹಿ ಸುದ್ದಿ. ಹಳೆಯ ಸಾಧನ ಕೈಬಿಟ್ಟರೂ ಅದರ ಮೇಲೆ ಮಾಡಿದ ಹೊಸ ಸುಧಾರಣೆಗೆ, ಅದು ನಿಜವಾಗಿ ಹೊಸದಾಗಿದ್ದು ಬುದ್ಧಿಯ ಹೆಜ್ಜೆ ಇದ್ದರೆ, ಬೇರೆ ಅರ್ಜಿ ಹಾಕಬಹುದು. ಆ ಸಹೋದರಿ ಸುಮ್ಮನೆ ಕೂತಿಲ್ಲ. ತಮ್ಮ ಸಾಧನದಲ್ಲಿ ಒಂದು ಹೊಸ ಮಾರ್ಪಾಡು ಮಾಡಿದ್ದಾರೆ. ಈ ಸಲ ತಾತ್ಕಾಲಿಕ ಅರ್ಜಿ ಬರೆಸುವ ಕೆಲಸ ನಡೆದಿದೆ, ಅವರದೇ ಹೆಸರಿನಲ್ಲಿ. ಆ ಮಾರ್ಪಾಡು ಏನು ಅಂತ ನಾವು ಇಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಈಗ ನಿಮಗೆ ಗೊತ್ತು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ, ಊರಿನಲ್ಲಿ ಕೆಲಸ ಹಗುರ ಮಾಡುವ ಹೊಸ ಸಾಧನ ಮಾಡಿದವರು ಯಾರಿದ್ದಾರೆ? ಸಾಧನದ ಗುಟ್ಟು ಕೇಳಬೇಡಿ, ಹೆಸರು ಮಾತ್ರ ಹೇಳಿ.
2. ನಮ್ಮ ಸಂಘದ ಉತ್ಪನ್ನಕ್ಕೆ ಬೇಕಾದದ್ದು ಪೇಟೆಂಟೋ, ಟ್ರೇಡ್‌ಮಾರ್ಕೋ?
3. ಸದಸ್ಯೆಯೊಬ್ಬರಿಗೆ ಪೇಟೆಂಟ್ ಅರ್ಜಿಗಾಗಿ ಸಂಘದ ಒಳಸಾಲ ಕೊಡಬಹುದೇ? ಯಾವ ಷರತ್ತಿನ ಮೇಲೆ?
4. ಅರ್ಜಿಯಲ್ಲಿ ಹೆಂಗಸರ ಹೆಸರು ಬರದಂತೆ ತಡೆಯುವುದು ಯಾವುದು?

ಸಂಘದ ನಿರ್ಣಯಕ್ಕೆ: ಸದಸ್ಯೆಯರ ಹೊಸ ಸಾಧನವನ್ನು ಪ್ರದರ್ಶನಕ್ಕೆ ಕಳಿಸುವ ಮೊದಲು "ಅರ್ಜಿ ಹಾಕಿದ್ದೀರಾ?" ಎಂದು ಕೇಳುತ್ತೇವೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ನಮ್ಮ ಕಚೇರಿಯಲ್ಲಿ ನಾವೂ ಹಾಗೆಯೇ ಬರೆದುಕೊಂಡಿದ್ದೇವೆ.